ಕನ್‌ಸಂಪ್ಷನ್ ಎಂದರೆ

ದೊಡ್ಡಬಳ್ಳಾಪುರ
೯–೧೨–೧೯೪೩

ಮಗಳು ಭಾಗ್ಯಳಿಗೆ ನಿನ್ನ ಅಪ್ಪಯ್ಯ ಮಾಡುವ ಆಶೀರ್ವಾದ.

ಕ್ಷೇಮಸಮಾಚಾರಕ್ಕೆ ಮುಂಚೆ ಒಂದು ಮಾತು. ಈ ಪತ್ರ ಕೈಗೆ ಸಿಕ್ಕ ಗಳಿಗೆಯಿಂದ ಆ ಚಿಪ್ಪಿನ ಮಾಂಸ ತಿನ್ನಬೇಡ. ಒಂದು ತುತ್ತೂ ಬೇಡ. ನನ್ನ ಬರವಣಿಗೆ ಊರೆಲ್ಲ ಸುತ್ತಿ ಬರುವುದು ನಿನಗೆ ಗೊತ್ತಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ದೀಪಾವಳಿಗೆ ಮುಂಚೆ ನೀನು ಬೊಂಬಾಯಿಯಿಂದ ಬರೆದ ಪತ್ರ ಮುಂದಿದೆ. ನಿಮ್ಮ ವಠಾರದ ಹಿಂದೆಯೇ ಸಮುದ್ರದ ಕೆಸರು, ಅದರಾಚೆ ಅಳಿಯಂದಿರು ದುಡಿಯುವ ಎಣ್ಣೆ ಟ್ಯಾಂಕುಗಳು, ಹಡಗು ತೊಳೆದ ನೀರೆಲ್ಲ ಅಲ್ಲಿಗೇ ಬರುತ್ತದೆ ಎಂದಿದ್ದೆ. ನೀರು ಇಳಿದಾಗ ನಿಮ್ಮತ್ತೆ ನೆರೆಯ ಹೆಂಗಸರ ಜೊತೆ ಹೋಗಿ, ಕೆಸರು ಕೆದಕಿ ಚಿಪ್ಪು ತರುತ್ತಾರೆ. ಬೇಯಿಸಿದರೆ ಪಾತ್ರೆಯ ಮೇಲೆ ನವಿಲುಬಣ್ಣದ ಜಿಡ್ಡು, ಬಾಯಿಗಿಟ್ಟರೆ ಸೀಮೆಎಣ್ಣೆ ನಾತ. ಅಲ್ಲಿ ನೆಟ್ಟ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ರಂಗೋಲಿಯಂತೆ ನೋಡಿ ನೋಡಿ ಬರೆದು, ಅರ್ಥವೇನೆಂದು ಕೇಳಿದ್ದೆ.

‘ಅನ್‌ಫಿಟ್ ಫಾರ್ ಹ್ಯೂಮನ್ ಕನ್‌ಸಂಪ್ಷನ್.’ ಕನ್‌ಸಂಪ್ಷನ್ ಎಂದರೆ ಕ್ಷಯ. ನಿಮ್ಮಮ್ಮನ ಆಸ್ಪತ್ರೆ ಚೀಟಿಯಲ್ಲಿ ಅದೇ ಮಾತಿತ್ತು. ಕಾಲೇಜಿನಲ್ಲಿ ಕಲಿತದ್ದೆಲ್ಲ ಮರೆತರೂ ಅದನ್ನು ಮರೆಯಲುಂಟೆ? ಕ್ಷಯದವರು ತಿನ್ನಬಾರದು ಅಷ್ಟೆ, ನಿನಗೇನಾಗಿದೆ, ಬಸುರಿ ಹೆಂಗಸು ಧೈರ್ಯವಾಗಿ ತಿನ್ನು ಎಂದು ಉತ್ತರ ಬರೆದೆ.

ಮೊನ್ನೆ ತ್ಯಾಮಗೊಂಡ್ಲಿನಿಂದ ನಿನ್ನ ಸೋದರತ್ತೆ ಅಕ್ಕಯಮ್ಮ ಬಂದಿದ್ದಳು. ಮಿಲಿಟರಿಯವರು ಬೇಡವೆಂದು ಮಾರಿದ ಮುಗ್ಗಲು ಹುರುಳಿಯನ್ನು ಸಂತೆಯಲ್ಲಿ ದನಕ್ಕೆಂದು ಕೊಂಡೆವು. ಚೀಲದ ಮೇಲೆ ಅದೇ ನಾಲ್ಕು ಮಾತು! ಇದನ್ನು ಕ್ಷಯದವರು ತಿನ್ನಬಾರದಂತೆ ಎಂದೆ. ‘ಲೇ ವೆಂಕಟ, ದನದ ಹುರುಳೀಗೂ ಕ್ಷಯಕ್ಕೂ ಏನ್ಲಾ ಸಂಬಂಧ? ಮನುಷ್ರು ಯಾರೂ ತಿನ್ಬೇಡ್ರಪ್ಪಾ ಅಂತ ಇರ್ಬೇಕು ಕಣೋ, ವಾಸ್ನೆ ನೋಡು’ ಎಂದು ಬಿದ್ದು ಬಿದ್ದು ನಕ್ಕಳು. ಕನ್‌ಸ್ಯೂಮ್ ಎಂದರೆ ತಿನ್ನುವುದು ಎಂದು ಆಗ ನೆನಪಾಯಿತು. ಯಾವಾಗ ಬೇಕೋ ಆವಾಗ ಬರದ ವಿದ್ಯೆ.

ಬೇಯಿಸಿದರೆ ಹೋಗುತ್ತದೆ ಎಂದುಕೊಳ್ಳಬೇಡ. ಕಾಲೇಜಿನ ಮೇಷ್ಟ್ರು ಆ ಜೀವಿಯನ್ನು ಫಿಲ್ಟರೋ ಏನೋ ಎನ್ನುತ್ತಿದ್ದರು. ಕೆಸರಿನಲ್ಲಿ ಕೂತಲ್ಲೇ ಕೂತು ನೀರು ಕುಡಿದು, ನೀರನ್ನು ಬಿಟ್ಟು, ಅದರಲ್ಲಿದ್ದದ್ದನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದಂತೆ. ದಿನವೂ ಒಂದಿಷ್ಟು ಎಣ್ಣೆ ಸೇರುತ್ತಲೇ ಹೋದರೆ ಅದು ಬರೀ ಮಾಂಸವೇ? ಎದ್ದು ಬೇರೆ ನೀರಿಗೆ ಹೋಗೋಣವೆಂದರೆ ಅದಕ್ಕೆ ಕಾಲಿಲ್ಲ.

ನನ್ನ ಉತ್ತರ ಮುಟ್ಟಿದ ಮೇಲೆ ನೀನು ಬರೆದ ಎರಡನೆಯ ಪತ್ರವನ್ನು ಈಗ ಮತ್ತೆ ತೆಗೆದು ಓದಿದೆ. ನೀನು ಒಲ್ಲೆ ಎಂದರೆ ನಿಮ್ಮತ್ತೆ, ‘ಕಾಲೇಜ್ ಓದಿರೋ ನಿಮ್ಮಪ್ಪನೇ ತಿನ್ನು ಅಂದವ್ರೆ, ಇನ್ನೇನೇ ನಿಂದು? ಇದನ್ನೂ ಬಿಟ್ರೆ ತೌರಿಂದ ಕೋಳಿ ಬರುತ್ತಾ?’ ಎನ್ನುತ್ತಾರಂತೆ. ಅವರನ್ನು ದೂರಲಾರೆ. ರೇಷನ್ನಿನ ಕಾಲ, ಅಳಿಯಂದಿರು ಯುದ್ಧದ ಕೆಲಸ ಬಿಟ್ಟು ಅಲುಗುವಂತಿಲ್ಲ. ನೀನು ಒಲ್ಲೆ ಎನ್ನುವ ಬಾಗಿಲು ಹಾಕಿದವನು ನಾನೇ. ನನ್ನ ಮಾತು ತಪ್ಪೆಂದು ಅವರಿಗೆ ಓದಿ ಹೇಳು. ಚೊಚ್ಚಲು ಬಾಣಂತನಕ್ಕೆ ಕ್ಷಯದ ಮನೆಗೆ ಕಳಿಸೆವೆಂದಿದ್ದರು, ಸರಿ. ಅಕ್ಕಯಮ್ಮನ ಮನೆಗೆ ಕಳಿಸಲಿ. ನಿಮ್ಮ ಮಾವ ಮುನಿವೆಂಕಟಪ್ಪನವರಲ್ಲಿ ಕೈಮುಗಿದು ಕೇಳಿದ್ದೇನೆಂದು ತಿಳಿಸು.

ಇಂತು,
ನಿನ್ನ ಅಪ್ಪಯ್ಯ
ವೆಂಕಟರಾಯಪ್ಪ

ಮರೆತ ಮಾತು: ಈ ಚೂರನ್ನು ಬೇರೆ ಕಾಗದದಲ್ಲಿ ಬರೆದಿದ್ದೇನೆ, ಓದಿ ಒಲೆಗೆ ಹಾಕು. ಕೇಳಿದರೆ ಅವರು ಕಳಿಸುವುದಿಲ್ಲ, ನನಗೂ ಗೊತ್ತು, ನಿನಗೂ ಗೊತ್ತು. ಬರುವ ವಾರ ನಿಮಗೊಂದು ತಂತಿ ಬರುತ್ತದೆ. ಶಿವಗಂಗೆ ಬೆಟ್ಟದ ಮೆಟ್ಟಿಲಿನಿಂದ ಬಿದ್ದು ಅಕ್ಕಯಮ್ಮನ ಮನೆಯಲ್ಲಿ ಮಲಗಿದ್ದೇನೆ, ಸೀರಿಯಸ್, ಕೂಡಲೇ ಹೊರಡು ಎಂದು. ಎದೆಯ ರೋಗವೆಂದರೆ ಅವರು ಹೆದರುತ್ತಾರೆ, ಅದಕ್ಕೇ ಮೆಟ್ಟಿಲು. ಇಂಗ್ಲಿಷನ್ನು ಈ ಸಲ ಪೋಸ್ಟ್ ಮಾಸ್ಟರರಿಂದ ತಿದ್ದಿಸಿದ್ದೇನೆ. ತಂತಿ ಬಂದಾಗ ವಠಾರಕ್ಕೆಲ್ಲ ಕೇಳುವಂತೆ ಅತ್ತುಬಿಡು. ನೀನು ಬಂದ ಮೇಲೆ ನಾನು ಎದ್ದು ಓಡಾಡಿದ ಸುದ್ದಿ ಅಲ್ಲಿಗೆ ಮುಟ್ಟಬಾರದು. ಹೆರಿಗೆಯಾಗುವ ತನಕ ಸಾಯುತ್ತಲೇ ಇರಬೇಕು. ಇರುತ್ತೇನೆ, ನೀನು ಬಾ.