ಉಳಿದದ್ದರಲ್ಲಿ ಕಾಲು ಭಾಗ

ಬೇಕರಿಯ ಹಿಂದಿನ ಮನೆ,
ಹತ್ತೊಂಬತ್ತನೇ ತಾರೀಖು, ಗುರುವಾರ, ಸಂಜೆ.

ಪ್ರೀತಿಯ ಗುಬ್ಬಿಗೆ ಅಜ್ಜಿಯ ಮುದ್ದು.

ಹೇಗಿದ್ದೀಯ ಮರಿ? ಗಂಟಲು ನೋವು ಕಡಿಮೆಯಾಯಿತೇ? ಹಾಸ್ಟೆಲಿನ ಮಕ್ಕಳು ಒಬ್ಬೊಬ್ಬರಾಗಿ ಜ್ವರ ಹಿಡಿದು ಮಲಗುತ್ತಿದ್ದಾರೆ, ನಾನೇ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದೇನೆ, ನನಗೂ ಯಾಕೋ ಗಂಟಲು ಕೆರೆಯುತ್ತಿದೆ ಎಂದು ಬರೆದದ್ದೇ ಕೊನೆ, ಆಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಜ್ವರ ಇಳಿಯುವ ತನಕ ಶಾಲೆಯ ಗೇಟಿನೊಳಗೆ ಹೊರಗಿನವರನ್ನು ಬಿಡುವುದಿಲ್ಲವಂತೆ. ನಿನ್ನ ಅಪ್ಪ ಫೋನು ಮಾಡಿ ಮಾಡಿ ಸಾಕಾದ. ಅಲ್ಲಿ ಗಂಟೆ ಬಡಿದುಕೊಳ್ಳುತ್ತದೆ, ಎತ್ತುವವರಿಲ್ಲ. ಟೀಚರಾದ ಮೇಲೆ ನಿನಗೆ ಪುರುಸೊತ್ತಿಲ್ಲ ಎಂದು ನಾನೇ ಅವನಿಗೆ ಸಮಾಧಾನ ಹೇಳಿದ್ದೇನೆ. ನೀನು ಬರೆದ ಕಾಗದವನ್ನು ದಿನಾ ಒಮ್ಮೆ ತೆಗೆದು ಓದುತ್ತೇನೆ. ಎಡಗೈಯಲ್ಲಿ ಬರೆದ ಆ ಅಕ್ಷರಗಳು ಗಾಳಿಗೆ ಸಿಕ್ಕಿದ ಹಾಗೆ ಒಂದೇ ಕಡೆ ವಾಲಿಕೊಂಡಿರುತ್ತವೆ. ಅಂಥ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಕತ್ತು ವಾರೆ ಮಾಡಿಕೊಂಡೇ ಓದಬೇಕು ಪಾಪ. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದು ನಿನ್ನ ಅಪ್ಪನ ಹಾಗೆ.

ಆ ಕಾಗದದಲ್ಲಿ ಕೇಳಿದ್ದೆಯಲ್ಲ, ಮಕ್ಕಳಿಗೆ ಭಿನ್ನರಾಶಿ ತಲೆಗೆ ಹತ್ತುತ್ತಿಲ್ಲ, ಅಜ್ಜ ನನಗೆ ಊಟದ ಮೇಜಿನ ಮೇಲೆ ಹೇಗೆ ಕಲಿಸಿದರು ಎಂದು ನೆನಪು ಮಾಡಿ ಬರಿ ಎಂದು. ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿಸಿ ಎಂದರೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಏಳನೇ ಎರಡು ಎಂದು ಬರೆಯುತ್ತಾರೆ ಎಂದು ತಲೆ ಚಚ್ಚಿಕೊಂಡಿದ್ದೆ. ಅಯ್ಯೋ ಮಹಾರಾಯಗಿತ್ತಿ, ನೀನೂ ಹಾಗೆ ಬರೆದವಳೇ! ಅವತ್ತು ನಿನ್ನ ಅಜ್ಜ ಬೈಯಲಿಲ್ಲ. ಅಂಗಡಿಯಿಂದ ಒಂದು ಉದ್ದನೆಯ ಬ್ರೆಡ್ಡು ತಂದು ಹನ್ನೆರಡು ಸಮ ಹೋಳು ಮಾಡಿದರು. ಮೂರನೇ ಒಂದೆಂದರೆ ನಾಲ್ಕು ಹೋಳು, ಕಾಲು ಎಂದರೆ ಮೂರು ಹೋಳು, ಕೂಡಿದರೆ ಏಳು ಹೋಳು, ಅಂದರೆ ಹನ್ನೆರಡನೇ ಏಳು. ನಿನ್ನ ಏಳನೇ ಎರಡನ್ನು ಅಳೆದು ತೋರಿಸಿದರೆ ಅದು ನಾಲ್ಕು ಹೋಳೂ ತುಂಬಲಿಲ್ಲ. "ಕೂಡಿಸಿದ ಮೇಲೆ ಕೈಲಿದ್ದದ್ದೇ ಕಡಿಮೆ ಆಯ್ತು ಅಂದ್ರೆ ಅದು ಕೂಡಿಸೋದಲ್ಲ ಕಣೇ, ಕಳ್ಳತನ" ಎಂದು ಅವರು ನಕ್ಕದ್ದು ನಿನಗೂ ನೆನಪಿರಬೇಕು. ಎರಡನ್ನೂ ಒಂದೇ ಅಳತೆಯ ಹೋಳಾಗಿ ಕುಯ್ದುಕೊಳ್ಳದೆ ಕೂಡಿಸಬಾರದು, ಕಳೆಯಲೂಬಾರದು, ಇಷ್ಟನ್ನು ಮಕ್ಕಳಿಗೆ ಹೇಳು. ಅರ್ಧದಿಂದ ಭಾಗಿಸಿದರೆ ಹೆಚ್ಚಾಗುವುದು ಹೇಗೆ ಎಂದು ಹೆದರಿದರೆ, ಒಂದು ಬ್ರೆಡ್ಡಿನಲ್ಲಿ ಎಷ್ಟು ಅರ್ಧಗಳಿವೆ ಎಂದು ಕೇಳು, ತಾವೇ ಎರಡು ಎನ್ನುತ್ತಾರೆ. ಗುಣಿಸುವುದಕ್ಕಂತೂ ನಮ್ಮ ಮನೆಯ ಊಟವೇ ಸಾಕು.

ಬೇರೆ ಮನೆಗಳಲ್ಲಿ ಒಬ್ಬರು ಕುಯ್ದು ಎಲ್ಲರಿಗೂ ಹಂಚುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ, ಅವರವರ ಪಾಲು ಅವರವರೇ ಕುಯ್ದುಕೊಳ್ಳಬೇಕು. ನಾವು ಐವರಿದ್ದಾಗ ಮೊದಲು ಅಜ್ಜ ಇಡೀ ಬ್ರೆಡ್ಡಿನ ಐದನೇ ಒಂದು ತೆಗೆದುಕೊಂಡು, ಚಾಕುವಿನ ಹಿಡಿಯನ್ನು ನನ್ನ ಕುರ್ಚಿಯ ಕಡೆ ತಿರುಗಿಸಿ ಇಡುತ್ತಿದ್ದರು. ನಾನು ಉಳಿದದ್ದರಲ್ಲಿ ಕಾಲು ಕುಯ್ದು ಹಿಡಿಯನ್ನು ನಿನ್ನ ಅಪ್ಪನ ಕಡೆ ತಿರುಗಿಸುತ್ತಿದ್ದೆ. ಅವನು ಉಳಿದದ್ದರಲ್ಲಿ ಮೂರನೇ ಒಂದು, ನಿನ್ನ ಅಮ್ಮ ಉಳಿದದ್ದರಲ್ಲಿ ಅರ್ಧ, ಕೊನೆಗೆ ಉಳಿದದ್ದೆಲ್ಲ ನಿನಗೆ. ಕೇಳಲು ಒಬ್ಬೊಬ್ಬರದು ಒಂದೊಂದು ಪಾಲು, ತಟ್ಟೆಯಲ್ಲಿ ಎಲ್ಲರದೂ ಸಮ. ಉಳಿದದ್ದು ಐದನೇ ನಾಲ್ಕು, ಅದರ ಕಾಲು ಮತ್ತೆ ಐದನೇ ಒಂದೇ ಅಲ್ಲವೇ? "ನಿನ್ನ ಹಿಂದೆ ಎಷ್ಟು ಬಾಯಿ ಇದೆ ಅಂತ ಎಣಿಸಿ ಕುಯ್ಯಿ" ಎನ್ನುವುದು ಅವರ ಕಾನೂನು. ಒಬ್ಬರು ಎಷ್ಟು ಭಾಗ ಕುಯ್ದರು ಎಂದು ನೋಡಿದರೆ ಸಾಕು, ಅವರ ಹಿಂದೆ ಎಷ್ಟು ಜನ ಹಸಿದು ಕೂತಿದ್ದಾರೆ ಎಂದು ಹೇಳಬಹುದಿತ್ತು. ಕೊನೆಯವಳಾದ್ದರಿಂದ ನಿನ್ನ ಕೈಗೆ ಚಾಕು ಬರುತ್ತಲೇ ಇರಲಿಲ್ಲ. "ನಂಗೆ ಯಾವಾಗ ಚಾಕು ಕೊಡ್ತೀರಾ?" ಎಂದು ನೀನು ಮುಖ ಊದಿಸಿಕೊಂಡು ಹಿಟ್ಟಿನ ಕೋಣೆಗೆ ಓಡಿ ಮೂಟೆಗಳ ಸಂದಿಯಲ್ಲಿ ಅಡಗುತ್ತಿದ್ದೆ. "ನಿನ್ನ ಹಿಂದೆ ಯಾರಾದ್ರೂ ಬಂದಾಗ ಕೊಡ್ತೀನಿ ಬಾರೇ" ಎಂದು ಅಜ್ಜ ಬಾಗಿಲಲ್ಲಿ ನಿಂತು ಗೋಗರೆಯಬೇಕಿತ್ತು. ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ಹೊರಗೆ ಬರುತ್ತಿದ್ದೆ, ನಿನ್ನ ಅಮ್ಮನಿಗೆ ಬಟ್ಟೆ ಒಗೆಯುವ ಕೆಲಸ.

ಅಜ್ಜ ತೀರಿಕೊಂಡ ಮೇಲೆ ನಾವು ನಾಲ್ವರಾದೆವು, ನಾನು ಕಾಲು ಭಾಗದಿಂದ ಶುರು ಮಾಡುವುದು ಅಭ್ಯಾಸವಾಯಿತು. ಈಗ ನಿನಗೆ ಹೇಳಬೇಕಾದದ್ದು ಇಲ್ಲಿಂದ ಮುಂದಿನದು. ಹೆದರಬೇಡ, ನಾನೂ ಮೊದಲು ಹೆದರಲಿಲ್ಲ. ನೀನು ಆ ಶಾಲೆಗೆಂದು ಬಸ್ಸು ಹತ್ತಿದ ದಿನ ಸಂಜೆ ಮೂವರೇ ಕೂತಿದ್ದರೂ ನಾನು ಮರೆತು ಕಾಲು ಭಾಗವನ್ನೇ ಕುಯ್ದೆ. ನಿನ್ನ ಅಪ್ಪ ಯೋಚಿಸದೆ ಮೂರನೇ ಒಂದು ತೆಗೆದ, ನಿನ್ನ ಅಮ್ಮ ಅರ್ಧ ತೆಗೆದಳು. ನಿನ್ನ ಪಾಲು ಹಲಗೆಯ ಮೇಲೆ ಹಾಗೇ ಉಳಿಯಿತು. ಮೂವರೂ ನಕ್ಕೆವು, ಆಮೇಲೆ ನಿನ್ನ ಅಮ್ಮ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಎಸೆಯಲು ಮನಸ್ಸಾಗದೆ ಅದರ ಮೇಲೆ ಬಟ್ಟಲು ಮುಚ್ಚಿಟ್ಟೆವು. ಬೆಳಿಗ್ಗೆ ಬಟ್ಟಲು ಎತ್ತಿದರೆ ಆ ಪಾಲಿನಲ್ಲಿ ಅರ್ಧವೇ ಇತ್ತು. ಇಲಿ ಕಚ್ಚಿದ್ದಲ್ಲ, ನೇರವಾಗಿ ಕುಯ್ದದ್ದು. ಚಾಕು ಒರೆಸಿಟ್ಟಿತ್ತು, ಹಿಡಿ ನಿನ್ನ ಕುರ್ಚಿಯ ಕಡೆಗೆ ತಿರುಗಿತ್ತು. ಹೊಟ್ಟೆಬಾಕ ಎಂದು ನಿನ್ನ ಅಪ್ಪನನ್ನು ಚೆನ್ನಾಗಿ ಝಾಡಿಸಿದೆ. ಅವನು ನಿನ್ನ ಮೇಲೆ ಆಣೆ ಇಟ್ಟ. ಮಾರನೇ ದಿನ ಬೇಕೆಂದೇ ಪಾಲು ಉಳಿಸಿದೆವು, ಮತ್ತೆ ಅಷ್ಟೇ ಹೋಗಿತ್ತು.

ನಿಜ ಹೇಳಲೇ, ನನಗೆ ಸಂತೋಷವೇ ಆಯಿತು. ಅರ್ಧ ತೆಗೆದು ಅರ್ಧ ಬಿಟ್ಟಿದ್ದಾರೆ ಎಂದರೆ ನನ್ನ ಹಿಂದೆ ಇನ್ನೊಂದು ಬಾಯಿ ಇದೆ ಎಂದು ಹೇಳಿದ ಹಾಗೆ. ಮುದುಕನಿಗೆ ಅಲ್ಲಿಗೆ ಹೋದರೂ ಮೊಮ್ಮಗಳ ಚಿಂತೆ ಬಿಟ್ಟಿಲ್ಲ ಎಂದುಕೊಂಡೆ. ಬೆಳಿಗ್ಗೆ ಆ ಅರ್ಧವನ್ನು ಹಾಲಿನಲ್ಲಿ ಅದ್ದಿಕೊಂಡು ತಿನ್ನುವಾಗ ಅವರ ಜೊತೆ ನಾಲ್ಕು ಮಾತೂ ಆಡುತ್ತಿದ್ದೆ. ನಿನ್ನ ಪಾಲು ತಿಂದಿದ್ದೇನೆ, ಸಿಟ್ಟಾಗಬೇಡ. ನಿನ್ನ ಅಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. ಇರುವುದು ಮೂವರು, ಮೂರನೇ ಒಂದರಿಂದಲೇ ಶುರುವಾಗಲಿ ಎಂದು ಒಂದು ಸಂಜೆ ಹಟ ಹಿಡಿದ. ಸರಿ, ಹಾಗೇ ಕುಯ್ದೆ. ಮೂವರ ತಟ್ಟೆಗೂ ಬಂತು, ಹಲಗೆಯ ಮೇಲೆ ಪುಡಿಯೂ ಉಳಿಯಲಿಲ್ಲ. ಆದರೆ ಪಾಲುಗಳು ಯಾಕೋ ಸಣ್ಣದಾಗಿ ಕಂಡವು. ಅವನು ಮೂರೂ ತಟ್ಟೆಯ ಹೋಳುಗಳನ್ನು ಅಂಗಡಿಗೆ ಒಯ್ದು ತಕ್ಕಡಿಯಲ್ಲಿಟ್ಟ. ಒಂದೊಂದೂ ಕಾಲು ಬ್ರೆಡ್ಡಿನ ತೂಕ, ಕೂಡಿದರೆ ಮುಕ್ಕಾಲು. ಪಕ್ಕದಲ್ಲಿ ಅದೇ ಭಟ್ಟಿಯಿಂದ ತೆಗೆದ ಇನ್ನೊಂದು ಬ್ರೆಡ್ಡಿಟ್ಟು ನೋಡಿದ, ಅದು ಸರಿಯಾಗಿಯೇ ತೂಗಿತು. ಮೂರನೇ ಒಂದನ್ನು ಮೂರು ಸಲ ಕೂಡಿಸಿದರೆ ಮುಕ್ಕಾಲು ಬರುವ ಮನೆ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು. ಕಾಲು ಬ್ರೆಡ್ಡು ಎಲ್ಲಿಗೆ ಹೋಯಿತೆಂದು ನಾವು ಮೇಜಿನ ಕೆಳಗೂ ಹುಡುಕಿದೆವು, ನಗಬೇಡ. ನಿನ್ನ ಅಪ್ಪನ ಮುಖ ಹಿಟ್ಟು ಮೆತ್ತಿದ ಹಾಗಾಗಿತ್ತು. ಮರುದಿನದಿಂದ ಅವನೇ ಬಟ್ಟಲು ತಂದಿಡುತ್ತಾನೆ.

ಇಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆದು ನಿನ್ನ ತಲೆ ತಿನ್ನುತ್ತಿರಲಿಲ್ಲ. ಕಳೆದ ವಾರದಿಂದ ಬೆಳಿಗ್ಗೆ ಬಟ್ಟಲಿನ ಕೆಳಗೆ ಏನೂ ಉಳಿಯುತ್ತಿಲ್ಲ. ಮೊದಲ ದಿನ ಮುದುಕನಿಗೆ ಹಸಿವು ಹೆಚ್ಚಾಗಿದೆ ಎಂದುಕೊಂಡೆ. ಆದರೆ ಹಿಡಿ ಈಗಲೂ ನಿನ್ನ ಕುರ್ಚಿಯ ಕಡೆಗೇ ತಿರುಗಿರುತ್ತದೆ. ಒಬ್ಬರೇ ಎಲ್ಲ ತಿನ್ನುವುದಾದರೆ ಹಿಡಿ ತಿರುಗಿಸುವ ಅಗತ್ಯವೇ ಇಲ್ಲವಲ್ಲ. ಪುಡಿಯೂ ಎರಡು ಕಡೆ ಬೀಳುತ್ತಿದೆ, ಅಜ್ಜನ ಕುರ್ಚಿಯ ಮುಂದೆ ಒಂದಿಷ್ಟು, ನಿನ್ನ ಕುರ್ಚಿಯ ಮುಂದೆ ಒಂದಿಷ್ಟು. ನಿನ್ನೆ ಬೆಳಿಗ್ಗೆ ನಿನ್ನ ಜಾಗದಲ್ಲಿ ಬ್ರೆಡ್ಡಿನ ಗಟ್ಟಿ ಅಂಚನ್ನು ಒಂದೇ ಎಳೆಯಾಗಿ ಬಿಡಿಸಿ ಬದಿಗಿಟ್ಟಿತ್ತು. ಹಾಗೆ ಬಿಡಿಸಿಡುವುದು ಈ ಮನೆಯಲ್ಲಿ ಯಾರ ಅಭ್ಯಾಸ ಎಂದು ನಾನು ಹೇಳಬೇಕಾಗಿಲ್ಲ. ನಿನ್ನ ಅಮ್ಮ ನೋಡುವ ಮೊದಲೇ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ತಂದೆ, ಭಟ್ಟಿಗೆ ಹಾಕಲು ಕೈ ಬರಲಿಲ್ಲ. ನನ್ನ ದಿಂಬಿನ ಕೆಳಗಿದೆ.

ನನಗೆ ವಯಸ್ಸಾಯಿತು, ಅರಳುಮರಳು ಎಂದುಕೋ, ಬೇಕಾದರೆ ಮಕ್ಕಳಿಗೆ ಹೇಳಿ ನಗು. ಆದರೆ ಒಂದು ಸಾಲು ಬರಿ ಗುಬ್ಬಿ. ಭಿನ್ನರಾಶಿಯೂ ಬೇಡ, ಕ್ಷೇಮಸಮಾಚಾರವೂ ಬೇಡ. ನಿನ್ನೆ ಸಂಜೆ ಏನು ತಿಂದೆ, ಎಲ್ಲಿ ಕೂತು ತಿಂದೆ, ಇಷ್ಟು ಬರೆದರೆ ಸಾಕು. ನನಗೆ ಭಯವಾಗುತ್ತಿದೆ, ಮರಿ. ಈ ಮಾತನ್ನು ನಿನ್ನ ಅಪ್ಪ ಅಮ್ಮನಿಗೆ ಹೇಳಲಾರೆ, ಅವರೂ ನನಗೆ ಹೇಳುತ್ತಿಲ್ಲ. ಮೂವರೂ ಹವಾಮಾನದ ವಿಷಯ ಮಾತಾಡುತ್ತಾ ಊಟ ಮಾಡುತ್ತೇವೆ.

ಬಿಸಿನೀರು ಕುಡಿ, ತಲೆ ಒದ್ದೆ ಇಟ್ಟುಕೊಂಡು ಓಡಾಡಬೇಡ. ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ನನ್ನ ಆಯುಸ್ಸೂ ಸೇರಿ ನೀನು ನೂರು ಕಾಲ ಬಾಳು, ಅದರಲ್ಲಿ ಯಾರಿಗೂ ಪಾಲು ಬೇಡ.

ನಿನ್ನ,
ಅಜ್ಜಿ

ತಾ.ಕ.: ಕಾಗದ ಮಡಚುತ್ತಿದ್ದೆ, ನಿನ್ನ ಅಮ್ಮ ಊಟದ ಮನೆಯಿಂದ ಕೂಗಿದಳು. ಬಿಸಿ ಬ್ರೆಡ್ಡನ್ನು ಹಲಗೆಯ ಮೇಲಿಟ್ಟು ತಟ್ಟೆ ತರಲು ತಿರುಗಿದಳಂತೆ, ಅಷ್ಟರಲ್ಲಿ ಅದು ಕುಯ್ದಾಗಿತ್ತು. ತಕ್ಕಡಿಗಿಟ್ಟ ಆ ಒಂದು ಸಂಜೆ ಬಿಟ್ಟರೆ ಇವತ್ತಿನ ತನಕ ನಾವು ತೆಗೆದುಕೊಂಡ ಮೇಲೆ ಉಳಿದದ್ದನ್ನೇ ಮುಟ್ಟುತ್ತಿದ್ದರು, ಇವತ್ತು ನಮಗಿಂತ ಮೊದಲೇ. ನಿನ್ನ ಅಪ್ಪ ಅಳತೆ ಕಡ್ಡಿ ಹಿಡಿದು ನೋಡಿದ. ಮೊದಲು ಐದನೇ ಒಂದು ಹೋಗಿದೆ, ಅಂಚು ನೆಟ್ಟಗಿದೆ, ಅದು ಅಜ್ಜನ ಕೈ. ಆಮೇಲೆ ಉಳಿದದ್ದರಲ್ಲಿ ಕಾಲು ಹೋಗಿದೆ. ಅದು ನನ್ನ ಪಾಲು, ಆ ಕಾಲು ಕುಯ್ಯಬೇಕಾದವಳು ನಾನು. ಆದರೆ ಕುಯ್ದದ್ದು ಚಾಕು ಹಿಡಿದು ಗೊತ್ತಿಲ್ಲದ ಕೈ. ಅಂಚು ನಡುಗಿ ನಡುಗಿ ಹೋಗಿದೆ, ನಿನ್ನ ಅಕ್ಷರ ವಾಲುವ ಕಡೆಗೇ ವಾಲಿದೆ. ಅಳತೆ ಮಾತ್ರ ಒಂದು ಕೂದಲಿನಷ್ಟೂ ತಪ್ಪಿಲ್ಲ. ಐದನೇ ಮೂರು ಭಾಗ ಉಳಿದಿದೆ, ನಾವು ಮೂವರು. ಚಾಕುವಿನ ಹಿಡಿ ನನ್ನ ಕುರ್ಚಿಯ ಕಡೆಗೆ ತಿರುಗಿದೆ.

ಯಾವತ್ತೂ ಕೊನೆಯವಳು ನೀನು. ನನ್ನ ಮುಂದೆ ಹೇಗೆ ಬಂದೆ? ನಿನ್ನ ಹಿಂದೆ ನಾವು ಮೂವರು ಹೇಗಾದೆವು? ನಿನ್ನ ಅಪ್ಪ ಗೇಟು ಮುರಿದಾದರೂ ಒಳಗೆ ಹೋಗುತ್ತೇನೆಂದು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನಾನು ಚಾಕು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಗುಬ್ಬೀ, ನಮ್ಮನ್ನು ಆಟ ಆಡಿಸಲು ಹೇಳದೆ ಬಂದು ಹಿಟ್ಟಿನ ಕೋಣೆಯಲ್ಲಿ ಅಡಗಿ ಕೂತಿದ್ದರೆ ಹೊರಗೆ ಬಾ. ಮೈಯೆಲ್ಲ ಬೆಳ್ಳಗಾಗಿದ್ದರೂ ಪರವಾಗಿಲ್ಲ, ಯಾರೂ ಬೈಯುವುದಿಲ್ಲ.