ಕಾಲುವಿ ಬಂದ್ ಆದ ಮ್ಯಾಲ

ಅಂಬ್ರಪ್ಪಣ್ಣ,

ಕಾಲುವಿ ನೀರು ಬಂದ್ ಆಗಿ ವಾರ ಆತು. ಆದ್ರೂ ದಿನಾ ನಸುಕಿನ್ಯಾಗ "ಹೊಲಕ್ಕ ನೀರು ಬಿಡಾಕ ಹೊಂಟೇನಿ" ಅಂತ ನನ್ನ ಹಿಂದನ ಹೊರಬೀಳ್ತಿ. ಯಾವ ನೀರೋ ಅದು? ನಿನ್ನೆ ಕಾಲುವಿ ಏರಿ ಮ್ಯಾಲ ಹೊಳ್ಳಿ ನೋಡಿದೆ. ಲೈಟ್ ಹಚ್ಚದ ಸೈಕಲ್ ಮ್ಯಾಲ ನೀನ ಬರಾಕತ್ತಿದ್ದಿ.

ಕತ್ತಲದಾಗ ಒಬ್ಬಾಕಿನ ಸುರಪುರಕ್ಕ ಕೆಲಸಕ್ಕ ಬರ್ತೀನಿ ಅಂತ ಹಾಸ್ಟೆಲ್ ಅಡಿಗಿಮನ್ಯಾಗ ಎಲ್ಲಾರ ಮುಂದ ಎದಿ ಉಬ್ಬಿಸಿ ಹೇಳೀನಿ. ನನ್ನ ಮಾತು ಸುಳ್ಳು ಮಾಡಿದೆಲ್ಲೋ!

ರೊಟ್ಟಿ ಬುಟ್ಟ್ಯಾಗ ಅದಾವ. ನೀರಿನ ಹುಕಿ ಅಷ್ಟಿದ್ರ ಎಮ್ಮಿಗೆ ಕುಡಿಸು. ನಿನ್ನ ಸೈಕಲ್ಲಿಗೆ ಕೀಲಿ ಹಾಕೀನಿ. ಕೀಲಿಕೈ ನನ್ನ ಕಡಿ ಐತಿ, ಹುಡುಕಬ್ಯಾಡ.

ಇವತ್ತು ಅಂಜಿಕಿ ಆದ್ರ ಆಗಲಿ, ಅದು ನಂದು. ಬಿದ್ರೂ ಮುಳುಗಂಗಿಲ್ಲ. ಕಾಲುವ್ಯಾಗ ನೀರಿಲ್ಲ.

ಮಾನಮ್ಮ