ನಾಲ್ಕನೇ ಮಹಡಿಯ ನೀಲಿ ಬಾಲ್ಕನಿ

ಪೆರ್ನಿಕ್
ಜನವರಿ ೧೯

ಲ್ಯೂಬೆನ್,

ಹೆಸರಿನ ಮುಂದೆ ‘ಪ್ರೀತಿಯ’ ಎಂದು ಹಾಕಲು ಕೈ ಬರಲಿಲ್ಲ. ಬರೀ ಹೆಸರು ಸಾಕು. ಚೆನ್ನಾಗಿದ್ದೀಯಾ ಎಂದೂ ಕೇಳುವುದಿಲ್ಲ. ಬುರ್ಗಾಸಿನಲ್ಲಿ ಸಮುದ್ರದ ಗಾಳಿ ಕುಡಿದುಕೊಂಡು ಚೆನ್ನಾಗಿಯೇ ಇರುತ್ತೀಯ. ಇಲ್ಲಿ ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿದೆ. ಆದರೂ ನನ್ನ ಅಕ್ಷರ ನಡುಗಿಲ್ಲ, ನೋಡು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬರೆಯುತ್ತಿದ್ದೇನೆ. ಅದು ಹೇಗೆ ಎಂದು ಆಮೇಲೆ ಹೇಳುತ್ತೇನೆ.

ಮೊದಲು ಕೆಲಸದ ಮಾತು. ನಮ್ಮ ಕಟ್ಟಡಕ್ಕೆ ಹೊರಗಿನಿಂದ ಚಳಿ ತಡೆಯುವ ದಪ್ಪ ಹೊದಿಕೆ ಹಾಕಿಸುವ ಕಾಗದಕ್ಕೆ ನಿನ್ನ ಸಹಿ ಬೇಕೆಂದು ನವೆಂಬರಿನಲ್ಲಿ ಬರೆದೆ, ಡಿಸೆಂಬರಿನಲ್ಲಿ ಮತ್ತೆ ಬರೆದೆ. ಎಂಟು ಮಹಡಿ, ಮೂವತ್ತೆರಡು ಮನೆ. ಒಬ್ಬರು ಒಲ್ಲೆ ಎಂದರೂ ಇಡೀ ಕಟ್ಟಡ ಸರ್ಕಾರದ ಪಟ್ಟಿಯಿಂದ ಹೊರಗೆ. ನಮ್ಮ ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿರುವುದರಿಂದ ನನ್ನೊಬ್ಬಳ ಸಹಿ ನಡೆಯುವುದಿಲ್ಲ. ಇದೇ ಮೂವತ್ತೊಂದಕ್ಕೆ ಗಡುವು ಮುಗಿಯುತ್ತದೆ. ಬಾಕಿ ಇರುವುದು ನಿನ್ನದೊಂದೇ. ಅದಕ್ಕೆ ನೀನು ಕಳಿಸಿದ ಉತ್ತರ ಒಂದೇ ಸಾಲು: ಹೊದಿಕೆ ಹಾಕುವ ಮುಂಚೆ ಬಾಲ್ಕನಿಗಳನ್ನೆಲ್ಲ ಒಡೆಯುತ್ತಾರಂತೆ, ನನ್ನ ಕೈಯ ಕೆಲಸ ಒಡೆಯಲು ನಾನು ಬಿಡುವುದಿಲ್ಲ.

ನಿನ್ನ ಕೈಯ ಕೆಲಸ. ಸರಿ, ಅದನ್ನೇ ಮಾತಾಡೋಣ.

ಈ ಕಟ್ಟಡದಲ್ಲಿ ಮೊದಲು ಬಾಲ್ಕನಿ ಮುಚ್ಚಿದ್ದು ನಮ್ಮ ಮನೆಯದು. ನಡುವಿನ ಗೋಡೆ ಒಡೆದೆ, ಕಿಟಕಿ ಕೂರಿಸಿದೆ, ಒಲೆಯನ್ನೂ ಕೋಣೆ ಕಾಯಿಸುವ ರೇಡಿಯೇಟರನ್ನೂ ಬಾಲ್ಕನಿಗೆ ತಳ್ಳಿದೆ. ಹಳೆಯ ಅಡುಗೆಮನೆ ನಿನ್ನ ಅಮ್ಮನ ಮಲಗುವ ಕೋಣೆಯಾಯಿತು. ಅದನ್ನು ನೋಡಿ ಇನ್ನೂ ಒಂಬತ್ತು ಮನೆಯವರು ಬಂದರು. ಮೇಸ್ತ್ರಿ, ಮೇಸ್ತ್ರಿ ಎಂದು ನಿನ್ನ ಹಿಂದೆಯೇ ತಿರುಗಿದರು. ನೀನೂ ಮೀಸೆ ತಿರುವಿಕೊಂಡು, ಮುಂಗೋಡೆ ತುಂಬ ಚಳಿ ತಡೆಯೋ ಗಾಜಿನ ಉಣ್ಣೆ ತುಂಬಿದ್ದೀನಿ, ಜನವರೀಲಿ ಬನಿಯನ್ನಲ್ಲಿ ಕೂತು ಕಾಫಿ ಕುಡೀಬಹುದು ಅಂದೆ.

ಜನವರಿಯಲ್ಲಿ ನಾನು ಓವರ್‌ಕೋಟು ಹಾಕಿಕೊಂಡು ಈರುಳ್ಳಿ ಹೆಚ್ಚಿದೆ. ನಿನ್ನ ಹತ್ತಿರ ಹೇಳಿದರೆ, ತಪ್ಪು ಗೋಡೇದಲ್ಲ ಕಣೇ, ನಿನ್ನ ಮೈಯದ್ದು, ನೀನು ಹುಟ್ಟಿದ್ದೇ ಚಳಿ ಹಿಡ್ಕೊಂಡು ಅಂದೆ. ನಾನು ನಂಬಿದೆ. ನಂಬಿ ಮೂರು ಸ್ವೆಟರ್ ಹೆಣೆದುಕೊಂಡೆ. ನನ್ನ ಮೈಯಲ್ಲೇ ಏನೋ ಕೊರತೆ ಇದೆಯೆಂದು ವೈದ್ಯರಿಗೂ ತೋರಿಸಿಕೊಂಡೆ.

ಉಣ್ಣೆ ತಂದದ್ದು ಸುಳ್ಳಲ್ಲ, ಅದು ನನಗೆ ಗೊತ್ತು. ಲಿಫ್ಟು ಕೆಟ್ಟಿತ್ತು. ಆರು ಹಳದಿ ಸುರುಳಿಗಳನ್ನು ಐದನೇ ಮಹಡಿಗೆ ನಿನ್ನ ಜೊತೆ ನಾನೂ ಹೊತ್ತೆ. ಒಂದು ವಾರ ತೋಳು ತುರಿಸಿತು.

ನಿನ್ನ ಅಮ್ಮನ ವಿಷಯ. ಎರಡು ವರ್ಷದಿಂದ ಅವರ ಮಂಚದ ಪಕ್ಕದ ಮೂಲೆ ಕಪ್ಪಗೆ ಬೂಸ್ಟು ಹಿಡಿದಿದೆ. ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಈ ಚಳಿಗಾಲದಲ್ಲಿ ಎರಡು ಸಲ ಶ್ವಾಸಕೋಶಕ್ಕೆ ನೀರು ತುಂಬಿ ಆಸ್ಪತ್ರೆ ಸೇರಿದರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಔಷಧಿ ನಾನು ಕೊಡ್ತೀನಮ್ಮ, ಆದ್ರೆ ಆ ಗೋಡೆ ಪಕ್ಕಾನೇ ಮತ್ತೆ ಮಲಗಿಸಿದ್ರೆ ಮುಂದಿನ ಚಳಿಗಾಲ ಇವರು ನೋಡಲ್ಲ ಅಂದರು. ಇದನ್ನು ಡಿಸೆಂಬರಿನ ಪತ್ರದಲ್ಲಿ ಹೀಗೆಯೇ ಬರೆದಿದ್ದೆ. ನೀನು ಸಹಿ ಕಳಿಸಲಿಲ್ಲ, ಒಂದು ಶಾಲು ಕಳಿಸಿದೆ. ಅವರು ಅದನ್ನು ಬಿಚ್ಚಿಯೂ ನೋಡಿಲ್ಲ.

ಹೋದ ವಾರ ಕಟ್ಟಡದ ಸಂಘದವರು ಸೋಫಿಯಾದಿಂದ ಒಬ್ಬ ಇಂಜಿನಿಯರ್ ಹುಡುಗಿಯನ್ನು ಕರೆಸಿದರು. ರಾದಿನಾ ಅಂತ. ಬೆಳಗಿನ ಜಾವ ಎದುರು ರಸ್ತೆಯಲ್ಲಿ ನಿಂತು, ಬಿಸಿಯನ್ನು ಹಿಡಿಯುವ ಕ್ಯಾಮೆರಾದಲ್ಲಿ ಇಡೀ ಕಟ್ಟಡದ ಚಿತ್ರ ತೆಗೆದಳು. ಮನೆಯೊಳಗಿನ ಬಿಸಿ ಎಲ್ಲಿ ಹೊರಗೆ ಸೋರುತ್ತದೋ ಅಲ್ಲಿ ಕೆಂಪು. ಎಲ್ಲಿ ಒಳಗೇ ನಿಲ್ಲುತ್ತದೋ ಅಲ್ಲಿ ನೀಲಿ. ಮಧ್ಯಾಹ್ನ ಆ ಚಿತ್ರವನ್ನು ದೊಡ್ಡದು ಮಾಡಿಸಿ ಕೆಳಗೆ ಲಿಫ್ಟಿನ ಪಕ್ಕ ಅಂಟಿಸಿದರು. ಯಾವ ಮನೆ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ನೀನು ಮುಚ್ಚಿದ ಬಾಲ್ಕನಿಗಳು ಹತ್ತು. ಒಂಬತ್ತು ಕೆಂಪಗೆ ಉರಿಯುತ್ತಿದ್ದವು. ಎಲ್ಲಕ್ಕಿಂತ ಕೆಂಪು ನಮ್ಮದು. ಸಂಘದ ಮುಖ್ಯಸ್ಥ ಹರಲಾಂಪಿಯ ಬಾಯಿ ನಿನಗೆ ಗೊತ್ತಲ್ಲ. ಕಲಿನಾ, ಪಾರಿವಾಳಗಳು ನಿಮ್ಮ ಬಾಲ್ಕನಿ ಬಿಟ್ಟು ಯಾಕೆ ಕದಲಲ್ಲ ಅಂತ ಈಗ ಗೊತ್ತಾಯ್ತು ನೋಡು, ಅವಕ್ಕೆ ಮನೆ ಕಾಯಿಸೋ ಊರಿನ ಬಿಸಿನೀರಿನ ಸಂಪರ್ಕ ನೀನೇ ಕೊಟ್ಟಿದ್ದೀಯ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ರಾದಿನಾ ಬೆರಳಿಟ್ಟು ವಿವರಿಸಿದಳು. ಬಾಲ್ಕನಿಯ ನೆಲವೂ ಒಳಗಿನ ಕೋಣೆಯ ನೆಲವೂ ಒಂದೇ ಕಾಂಕ್ರೀಟು, ಚಳಿ ಅದರ ಮೇಲೇನೇ ನಡ್ಕೊಂಡು ಒಳಗೆ ಬರುತ್ತೆ, ಅದಕ್ಕೇ ಮೂಲೆಗೆ ಬೂಸ್ಟು ಹಿಡಿಯೋದು ಅಂದಳು. ಈ ಕೆಂಪು ಬಾಲ್ಕನಿಗಳ ಮುಂಗೋಡೇಲಿ ಹಳೇ ಪೇಪರ್ ಬಿಟ್ರೆ ಏನೂ ಇಲ್ಲ ಅಂದಳು. ಹೌದು, ಆ ಬೆಳಿಗ್ಗೆ ನಮ್ಮ ಗೋಡೆಯ ಪ್ಲಗ್ಗಿನ ಡಬ್ಬ ಬಿಚ್ಚಿದಾಗ ಅವಳ ಕೈಗೆ ಸಿಕ್ಕಿದ್ದು ಫುಟ್ಬಾಲ್ ಸುದ್ದಿಯ ಪುಟ.

ಆಗ ಹರಲಾಂಪಿ ನಾಲ್ಕನೇ ಮಹಡಿಯ ಎಡಗಡೆಯ ಬಾಲ್ಕನಿ ತೋರಿಸಿದ. ಅದೊಂದೇ ನೀಲಿ. ಪರದೆ ಹೊಲಿಯುವ ವೆನೆಟಾಳ ಮನೆ. ಗಂಡ ಸತ್ತ ಹೆಂಗಸು, ಪಾಪ, ರೇಡಿಯೇಟರ್ ಹಾಕ್ಕೊಳ್ಳೋಕೂ ಗತಿಯಿಲ್ಲ ಅನ್ಸುತ್ತೆ ಅಂದ. ರಾದಿನಾ ತಲೆ ಅಲ್ಲಾಡಿಸಿದಳು. ಇಲ್ಲ, ನಾನು ಒಳಗೆ ಹೋಗಿದ್ದೆ, ಇಪ್ಪತ್ಮೂರು ಡಿಗ್ರಿ ಇದೆ, ಅವರು ತೋಳಿಲ್ಲದ ಹತ್ತಿ ಗೌನಲ್ಲಿ ಕೂತು ಹೊಲೀತಾ ಇದ್ರು. ಮುಂಗೋಡೆಗೆ, ನೆಲಕ್ಕೆ, ಸೂರಿಗೆ, ಎಲ್ಲ ಕಡೆ ಉಣ್ಣೆ ಇದೆ, ಎರಡು ಪದರ ಆದ್ರೂ ಇರಬೇಕು. ಮೇಸ್ತ್ರಿ ಯಾರೋ ಗೊತ್ತಿಲ್ಲ, ಆದ್ರೆ ತುಂಬ ಮನಸ್ಸಿಟ್ಟು ಮಾಡಿದಾರೆ.

ಹೊರಗಿನ ಊರಿನವಳು, ಅವಳಿಗೇನು ಗೊತ್ತು. ಉಳಿದವರೆಲ್ಲ ಬೂಟು ನೋಡಿಕೊಳ್ಳತೊಡಗಿದರು. ಕೋಲೂರಿಕೊಂಡು ಕೆಳಗಿಳಿದು ಬಂದಿದ್ದ ನಿನ್ನ ಅಮ್ಮ ಕನ್ನಡಕ ಏರಿಸಿ ಆ ನೀಲಿ ಚೌಕವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಇಷ್ಟು ವರ್ಷ ನನ್ನ ಮಗಂಗೆ ಕೆಲಸ ಬರಲ್ಲ ಅಂದ್ಕೊಂಡಿದ್ದೆ, ಬರುತ್ತೆ ಅಂದರು. ನನ್ನ ಕೈ ಹಿಡಿದುಕೊಂಡು ಲಿಫ್ಟಿಗೆ ಹತ್ತಿದರು.

ಮನೆಗೆ ಬಂದ ಮೇಲೆ ನನಗೆ ಎಲೆಕೋಸಿನ ಪೀಪಾಯಿ ನೆನಪಾಯಿತು. ಚಳಿಗಾಲಕ್ಕೆಂದು ಎಲ್ಲರೂ ಕೋಸನ್ನು ಉಪ್ಪುನೀರಿನಲ್ಲಿ ಹುಳಿಯಾಗಲು ಹಾಕಿ ಬಾಲ್ಕನಿಯಲ್ಲೇ ಇಡುತ್ತೇವಲ್ಲ. ಬಿಸಿ ತಾಗಿದರೆ ಕೊಳೆಯುತ್ತದೆ. ನಮ್ಮ ಬಾಲ್ಕನಿಯಲ್ಲಿ ಒಲೆ ಉರಿಯುತ್ತಿದ್ದರೂ, ರೇಡಿಯೇಟರ್ ಇದ್ದರೂ, ನೀನು ಬಾಲ್ಕನಿಗಳನ್ನು ಮುಚ್ಚಿದ ವರ್ಷ ಕೋಸು ಮಾರ್ಚಿನವರೆಗೆ ಗರಿಗರಿಯಾಗಿ ನಿಂತಿತು. ನಿನ್ನ ಕೈಗುಣ ಎಂದು ನೀನು ಹೊಗಳಿದೆ. ವೆನೆಟಾಳ ಪೀಪಾಯಿ ಹತ್ತೇ ದಿನಕ್ಕೆ ಮೆತ್ತಗಾಗಿ ಮಹಡಿ ತುಂಬ ನಾರಿತು. ಅದನ್ನು ನೆಲಮಾಳಿಗೆಗೆ ಹೊತ್ತು ಹಾಕಿದವನು ನೀನು. ಅವಳಿಗೆ ಕೋಸು ಇಲ್ಲವಾಯಿತೆಂದು ಒಂದು ಬೋಗುಣಿ ನಮ್ಮದನ್ನು ಕೊಟ್ಟು ಬಂದವಳು ನಾನು. ಆವತ್ತೇ ನನಗೆ ತಿಳಿಯಬೇಕಿತ್ತು. ಒಂದೇ ಸೀಸನ್ನಿನ ಕೆಲಸ ಎಂದು ಹೇಳಿ ನೀನು ಬುರ್ಗಾಸಿಗೆ ಹೋಗಿ ಆರು ವರ್ಷವಾಯಿತು. ನನ್ನ ನಾಲಿಗೆಯ ಕಾಟಕ್ಕೆ ಹೋದೆ ಎಂದು ಊರು ಹೇಳಿತು, ನಾನೂ ಹಾಗೆಯೇ ಅಂದುಕೊಂಡೆ.

ಮೂರು ದಿನ ಅವಳ ಹೆಸರು ಹಿಡಿದು ಶಾಪ ಹಾಕಿದೆ. ನಾಲ್ಕನೇ ದಿನ ಕೆಳಗಿಳಿದು ಅವಳ ಬಾಗಿಲು ಬಡಿದೆ. ಒಳಗೆ ಏನು ಮಾತಾಯಿತೋ ಅದು ನಿನಗೆ ಬೇಡ. ಒಂದೇ ಸೀಸನ್ನು ಎಂದು ಅವಳಿಗೂ ಹೇಳಿಯೇ ಹೋಗಿದ್ದೆಯಂತೆ. ಇನ್ನೊಂದು ವಿಷಯ. ಈ ಕಟ್ಟಡದಲ್ಲಿ ಉಳಿಸಿಕೊಳ್ಳಲು ಯೋಗ್ಯವಾದ ಬಾಲ್ಕನಿ ಒಂದೇ, ಅವಳದು. ಅದನ್ನೂ ಒಡೆಯುತ್ತಾರೆ. ಆದರೂ ಸೆಪ್ಟೆಂಬರಿನಲ್ಲಿ ಮೊಟ್ಟಮೊದಲು ಸಹಿ ಹಾಕಿದವಳು ಅವಳೇ. ನೀನೋ, ಪೇಪರ್ ತುರುಕಿದ ಗೋಡೆಗೆ ನಿನ್ನ ಮಾನ ಕಟ್ಟಿಹಾಕಿಕೊಂಡು ಕೂತಿದ್ದೀಯ.

ಕಾಗದ ಜೊತೆಗಿಟ್ಟಿದ್ದೇನೆ, ಉತ್ತರದ ಲಕೋಟೆಯೂ ಇದೆ. ಮೂವತ್ತೊಂದರೊಳಗೆ ಸಹಿ ಬರದಿದ್ದರೆ ಫೆಬ್ರವರಿ ಒಂದಕ್ಕೆ ಬೆಳಗಿನ ಬಸ್ಸು ಹತ್ತಿ ಬರುತ್ತೇನೆ. ಈಗ ಅಲ್ಲಿ ನೀನು ಯಾರ ಯಾರ ಬಾಲ್ಕನಿ ಮುಚ್ಚುತ್ತಿದ್ದೀಯೋ, ಅಷ್ಟೂ ಕಟ್ಟಡಗಳ ಲಿಫ್ಟಿನ ಪಕ್ಕ ಈ ಚಿತ್ರ ಅಂಟಿಸುತ್ತೇನೆ. ಕೆಳಗೆ ನಿನ್ನ ಹೆಸರು ದಪ್ಪಕ್ಷರದಲ್ಲಿ ಇರುತ್ತದೆ. ನಾನು ಸುಮ್ಮನೆ ಹೇಳುವವಳಲ್ಲ, ನಿನಗೆ ಗೊತ್ತು.

ಇನ್ನು ಯಾರ ಚಳಿಯನ್ನೂ ತನ್ನದೆಂದು ಹೊರದ,
ಕಲಿನಾ

ತಾಜಾ ಕಲಂ: ಈ ಪತ್ರವನ್ನು ವೆನೆಟಾಳ ಬಾಲ್ಕನಿಯಲ್ಲಿ ಕೂತು ಬರೆದೆ. ಐದು ದಿನದಿಂದ ನಿನ್ನ ಅಮ್ಮ ಇಲ್ಲೇ, ಈ ಮುಂಗೋಡೆಯ ಪಕ್ಕ ಹಾಕಿದ ಮಂಚದಲ್ಲಿ ಮಲಗುತ್ತಿದ್ದಾರೆ. ಕೆಮ್ಮು ಅರ್ಧ ಇಳಿದಿದೆ. ಬರೆದಿದ್ದನ್ನೆಲ್ಲ ವೆನೆಟಾಳಿಗೆ ಓದಿ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಿ ಒಂದೇ ಒಂದು ಕಡೆ ತಿದ್ದಿಸಿದಳು: ಎರಡು ಪದರವಲ್ಲ, ಮೂರು. ಮೂರನೆಯದಕ್ಕೆ ಹಾಕಿದ ಆರು ಸುರುಳಿ ಉಣ್ಣೆ ನಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿತ್ತು, ಕಲಿನಾಗೆ ಬೇಡವಂತೆ ಎಂದು ನೀನು ಅವಳಿಗೆ ಹೇಳಿದ್ದೆಯಂತೆ.